ಒಂಟಿ ಅಣುವಿನ ದರ್ಶನ ಮತ್ತು ಕನ್ನಡದ ಪರಿಭಾಷೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಕಸುಬಿಗೆ ಸೂಕ್ಷ್ಮದರ್ಶಕ ಅಪರಿಚಿತ ಉಪಕರಣವಲ್ಲ. ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ದ್ರವವನ್ನು ಗಾಜಿನ ಪಟ್ಟಿಯ ಮೇಲಿರಿಸಿ, ಪೆಬ್ರಿನ್ ಎಂಬ ಗಂಟುರೋಗದ ಬೀಜಕಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಬೀಜಕಗಳು ಕಂಡರೆ ಮೊಟ್ಟೆಗಳನ್ನು ನಾಶಪಡಿಸುತ್ತಾರೆ. ಫ್ರಾನ್ಸಿನ ಲೂಯಿ ಪಾಶ್ಚರ್ ೧೮೬೦ರ ದಶಕದಲ್ಲಿ ರೂಪಿಸಿದ ವಿಧಾನವಿದು. ರೋಗವು ತಾಯಿಯಿಂದ ಮೊಟ್ಟೆಗೆ ದಾಟುವುದರಿಂದ, ಪ್ರತಿಯೊಂದು ಚಿಟ್ಟೆಯನ್ನೂ ಬಿಡಿಯಾಗಿ ನೋಡುವುದೇ ಪಾಶ್ಚರ್ ವಿಧಾನದ ತಿರುಳು. ರಾಶಿಯ ಸರಾಸರಿ ಹೇಳದ ಸಂಗತಿಯನ್ನು ಬಿಡಿನೋಟ ಹೇಳುತ್ತದೆ. ರಸಾಯನ ವಿಜ್ಞಾನವು ಇಂಥ ಬಿಡಿನೋಟವನ್ನು ಅಣುಗಳ ವಿಷಯದಲ್ಲಿ ಸಾಧಿಸಿದ್ದು ಈಚಿನ ದಶಕಗಳಲ್ಲಿ. ಆ ಸಾಧನೆಯ ಸ್ವರೂಪವನ್ನು ವಿವರಿಸಿ, ಕನ್ನಡದ ‘ಅಣು’, ‘ಪರಮಾಣು’ ಪದಗಳ ಬಳಕೆಯ ಬಗ್ಗೆ ಅದು ಎತ್ತುವ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಬೆಳಕಿನ ಮಿತಿ

ಪೆಬ್ರಿನ್ ಬೀಜಕದ ಉದ್ದ ಸುಮಾರು ಮೂರು–ನಾಲ್ಕು ಮೈಕ್ರೊಮೀಟರ್. ಎಂದರೆ ಮೀಟರಿನ ಹತ್ತು ಲಕ್ಷದಲ್ಲಿ ಮೂರು–ನಾಲ್ಕು ಪಾಲು. ಮೈಕ್ರೊಮೀಟರಿನ ಸಾವಿರದಲ್ಲೊಂದು ಪಾಲು ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು ೪೦೦ರಿಂದ ೭೦೦ ನ್ಯಾನೊಮೀಟರ್. ಸುಮಾರು ೨೦೦ ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕ ಬೇರ್ಪಡಿಸಿ ತೋರಿಸಲಾರದು. ಆದರೆ ಗ್ರಾಫೈಟಿನ ಪದರದಲ್ಲಿ ನೆರೆಹೊರೆಯ ಎರಡು ಇಂಗಾಲ ಪರಮಾಣುಗಳ ನಡುವಣ ಅಂತರ ೦.೧೪೨ ನ್ಯಾನೊಮೀಟರ್ ಮಾತ್ರ. ಮಸೂರವನ್ನು ಎಷ್ಟೇ ಉತ್ತಮಗೊಳಿಸಿದರೂ ಈ ಅಂತರ ಬೆಳಕಿಗೆ ನಿಲುಕುವುದಿಲ್ಲ.

ಎಲೆಕ್ಟ್ರಾನುಗಳಿಗೂ ತರಂಗಗುಣವಿದೆ. ೮೦,೦೦೦ ವೋಲ್ಟಿನಲ್ಲಿ ವೇಗೋತ್ಕರ್ಷಗೊಂಡ ಎಲೆಕ್ಟ್ರಾನಿನ ತರಂಗದೂರ ಸುಮಾರು ೦.೦೦೪೨ ನ್ಯಾನೊಮೀಟರ್. ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕ ೧೯೩೧ರಲ್ಲಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಇದರಲ್ಲಿ ಗಾಜಿನ ಮಸೂರಗಳ ಸ್ಥಾನವನ್ನು ಕಾಂತಕ್ಷೇತ್ರಗಳು ವಹಿಸುತ್ತವೆ. ಆದರೆ ಕಾಂತಮಸೂರದ ಅಂಚಿನಲ್ಲಿ ಹಾಯುವ ಎಲೆಕ್ಟ್ರಾನುಗಳು ನಡುವೆ ಹಾಯುವವುಗಳೊಂದಿಗೆ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಚಿತ್ರ ಮಸುಕಾಗುತ್ತದೆ. ಸಾಮಾನ್ಯ ದುಂಡುಮಸೂರಗಳಲ್ಲಿ ಈ ದೋಷ ಅನಿವಾರ್ಯವೆಂದು ಆಟೊ ಷೆರ್ಜರ್ ೧೯೩೬ರಲ್ಲಿಯೇ ತೋರಿಸಿದ್ದರು. ಅದನ್ನು ಸರಿಪಡಿಸುವ ವ್ಯವಸ್ಥೆಯನ್ನು ಹೈಡರ್, ರೋಸ್, ಅರ್ಬನ್ ಮತ್ತು ಸಂಗಡಿಗರು ಕಾರ್ಯರೂಪಕ್ಕೆ ತಂದು ಪ್ರಕಟಿಸಿದ್ದು ೧೯೯೮ರಲ್ಲಿ.

೨. ಇಂಗಾಲವೆಂಬ ಆಧಾರ

ಉಪಕರಣ ಸಿದ್ಧವಾದ ಮೇಲೂ ಅಣುವನ್ನು ಎಲ್ಲಿ ಇರಿಸಬೇಕೆಂಬ ತೊಡಕು ಉಳಿಯಿತು. ನಿರ್ವಾತದಲ್ಲಿ ಒಂಟಿ ಅಣು ನಿಂತಲ್ಲಿ ನಿಲ್ಲದು. ದಪ್ಪನೆಯ ಆಧಾರದ ಮೇಲಿಟ್ಟರೆ ಆಧಾರದ ಅಸಂಖ್ಯ ಪರಮಾಣುಗಳ ನಡುವೆ ಅದು ಕಾಣೆಯಾಗುತ್ತದೆ. ಎಲೆಕ್ಟ್ರಾನುಗಳ ಹೊಡೆತಕ್ಕೆ ಒಡೆಯುವ ಭಯವೂ ಇದೆ.

ಇದಕ್ಕೆ ಪರಿಹಾರ ಒದಗಿದ್ದು ಇಂಗಾಲದಿಂದ. ಜಪಾನಿನ ಸುಮಿಯೊ ಇಜಿಮ ೧೯೯೧ರಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ವರ್ಣಿಸಿದರು. ೨೦೦೪ರಲ್ಲಿ ಮ್ಯಾಂಚೆಸ್ಟರಿನ ಗೀಮ್ ಮತ್ತು ನೊವೊಸೆಲೊವ್ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನನ್ನು ಬಿಡಿಸಿ ತೆಗೆದರು. ಇಂಥ ಹಾಳೆಯನ್ನು ಸುರುಳಿ ಸುತ್ತಿದಂತಿರುವುದೇ ಒಂಟಿಗೋಡೆಯ ನಳಿಕೆ. ಅದರ ಗೋಡೆ ಅತ್ಯಂತ ತೆಳು. ಷಟ್ಕೋನಗಳ ನೇಯ್ಗೆ ಕ್ರಮಬದ್ಧವಾದುದರಿಂದ ಚಿತ್ರದಲ್ಲಿ ಅದನ್ನು ಗುರುತಿಸಿ ಬದಿಗಿಡಬಹುದು. ಗ್ರಾಫೀನ್ ವಿದ್ಯುದ್ವಾಹಕವಾದುದರಿಂದ ಅದರಲ್ಲಿ ಆವೇಶ ಶೇಖರಗೊಳ್ಳುವುದಿಲ್ಲ. ೮೦,೦೦೦ ವೋಲ್ಟಿನ ಎಲೆಕ್ಟ್ರಾನುಗಳಿಗೆ ಅದರ ಇಂಗಾಲ ಪರಮಾಣುವನ್ನು ಸ್ಥಾನದಿಂದ ಕಿತ್ತೊಗೆಯುವಷ್ಟು ಬಲವೂ ಸಾಲದು.

೧೯೯೮ರಲ್ಲಿ ಸ್ಮಿತ್, ಮಾಂಥ್ಯೂ ಮತ್ತು ಲುಜ್ಜಿ ಎಂಬ ವಿಜ್ಞಾನಿಗಳು ನಳಿಕೆಯೊಳಗೆ ಅರವತ್ತು ಇಂಗಾಲಗಳ ಚೆಂಡಿನಾಕಾರದ ಫುಲರೀನ್ ಅಣುಗಳು ಸಾಲಾಗಿ ಕುಳಿತಿರುವುದನ್ನು ಕಂಡರು. ಪಶ್ಚಿಮದಲ್ಲಿ ಈ ರಚನೆಗೆ ಬಟಾಣಿ ಕಾಯಿಯ ಹೆಸರು ಬಂದಿತು. ಮಾಗಡಿ ಸೀಮೆಯ ಓದುಗನಿಗಾದರೆ ಸಿಪ್ಪೆಯೊಳಗಿನ ಅವರೆಕಾಳುಗಳ ಸಾಲು ಥಟ್ಟನೆ ನೆನಪಾಗುತ್ತದೆ. ೨೦೦೭ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದ ಐಯಿಚಿ ನಕಮುರ ಮತ್ತು ಸಂಗಡಿಗರು ಇಂಥ ನಳಿಕೆಯೊಳಗೆ ಸಾವಯವ ಅಣುವೊಂದು ಚಲಿಸಿ ತನ್ನ ಭಂಗಿಯನ್ನು ಬದಲಿಸುವುದನ್ನು ಸರಣಿಚಿತ್ರಗಳಲ್ಲಿ ದಾಖಲಿಸಿದರು. ೨೦೨೧ರಲ್ಲಿ ಶಂಕುವಿನಾಕಾರದ ನಳಿಕೆಯೊಳಗೆ ಅಡುಗೆ ಉಪ್ಪಿನ ಘಟಕಗಳು ಅಸ್ತವ್ಯಸ್ತತೆಯಿಂದ ಸಾಲುಗೂಡಿ ಹರಳಾಗುವ ಗಳಿಗೆಯನ್ನೂ ಇದೇ ಬಳಗ ಸೆರೆಹಿಡಿಯಿತು.

ಈ ವಿದ್ಯೆಗೆ ಬೇಕಾದ ಇಂಗಾಲದ ರಚನೆಗಳ ಅಧ್ಯಯನ ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ, ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ಬಳಗ ಫೆರೋಸೀನ್‌ನಂಥ ಸಂಯುಕ್ತಗಳನ್ನು ಕಾಯಿಸಿ ನಳಿಕೆಗಳನ್ನು ಪಡೆಯುವ ವಿಧಾನಗಳನ್ನು ೧೯೯೦ರ ದಶಕದಲ್ಲಿ ಬೆಳೆಸಿತು. ಎಲೆಕ್ಟ್ರಾನ್ ಕೊಡುವ ಹಾಗೂ ಪಡೆಯುವ ಅಣುಗಳು ಗ್ರಾಫೀನಿನ ಮೇಲೆ ಕುಳಿತಾಗ ಅದರ ಗುಣ ಹೇಗೆ ಬದಲಾಗುತ್ತದೆಂಬುದನ್ನು ರಾಮನ್ ರೋಹಿತದ ನೆರವಿನಿಂದ ಪರಿಶೀಲಿಸಿತು. ರೋಹಿತ ತಿಳಿಸುವುದು ಅಪಾರ ಸಂಖ್ಯೆಯ ಅಣುಗಳ ಒಟ್ಟು ವರ್ತನೆಯನ್ನು. ಎಲೆಕ್ಟ್ರಾನ್ ಚಿತ್ರ ತೋರಿಸುವುದು ಒಂದು ಅಣುವಿನ ನಡೆಯನ್ನು. ಇವು ಪರಸ್ಪರ ಪೂರಕ.

೩. ಚಿತ್ರವೆಂಬ ಪಾಠ

ಇಲ್ಲಿ ‘ನೋಡುವುದು’ ಎಂಬ ಕ್ರಿಯೆಯ ಅರ್ಥವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ದೊರೆಯುವುದು ಎಲೆಕ್ಟ್ರಾನುಗಳು ಚದುರಿದ ಬಗೆಯ ದಾಖಲೆ. ಹಗುರವಾದ ಹೈಡ್ರೊಜನ್ ಬಹುತೇಕ ಕಾಣುವುದೇ ಇಲ್ಲ. ನೋಡಲು ಬಳಸುವ ಎಲೆಕ್ಟ್ರಾನುಗಳೇ ಅಣುವನ್ನು ಅಲುಗಾಡಿಸುತ್ತವೆ. ಆದಕಾರಣ ಸಂಶೋಧಕರು ಸಂಭಾವ್ಯ ರಚನೆಗಳ ಚಿತ್ರಗಳನ್ನು ಗಣಕದಲ್ಲಿ ರಚಿಸಿ, ದೊರೆತ ಚಿತ್ರದೊಂದಿಗೆ ಹೋಲಿಸಿ ನಿರ್ಣಯಕ್ಕೆ ಬರುತ್ತಾರೆ. ಮಾಸಿದ ತಾಳೆಗರಿಯ ಅಕ್ಷರವನ್ನು ಸಂಭಾವ್ಯ ಪಾಠಗಳೊಂದಿಗೆ ತೂಗಿನೋಡುವ ಗ್ರಂಥಸಂಪಾದಕನ ಶಿಸ್ತಿಗೆ ಇದು ದೂರವಲ್ಲ.

೪. ಅಣುವೋ ಪರಮಾಣುವೋ?

‘ಅಣುವಿನೊಳಗಿನ ಪರಮಾಣುಗಳು ಕಂಡವು’ ಎಂಬ ಒಂದು ವಾಕ್ಯದಲ್ಲಿ ಈ ತಂತ್ರದ ಸಾಧನೆಯನ್ನು ಹೇಳಬಹುದು. ಕನ್ನಡ ಪಠ್ಯಪುಸ್ತಕಗಳಲ್ಲಿ ಪರಮಾಣುಗಳ ಕೂಟವೇ ಅಣು. ಅಲ್ಲಿ ವಾಕ್ಯ ಸ್ಪಷ್ಟ. ಆದರೆ ಪತ್ರಿಕಾಭಾಷೆಯಲ್ಲಿ ‘ಅಣುಬಾಂಬ್’, ‘ಅಣುಶಕ್ತಿ’, ‘ಕೈಗಾ ಅಣು ವಿದ್ಯುತ್ ಸ್ಥಾವರ’ ಎಂಬ ರೂಪಗಳು ನೆಲೆಯೂರಿವೆ. ಆ ಶಕ್ತಿ ಹೊರಡುವುದು ಪರಮಾಣುವಿನ ಬೀಜಕೇಂದ್ರದಿಂದ. ಅಣುವಿಗೆ ಅಲ್ಲಿ ಪಾತ್ರವಿಲ್ಲ. ಪತ್ರಿಕೆಯ ಅರ್ಥವನ್ನಿಟ್ಟುಕೊಂಡು ಓದಿದರೆ ಮೇಲಿನ ವಾಕ್ಯವು ‘ಪರಮಾಣುವಿನೊಳಗಿನ ಪರಮಾಣುಗಳು’ ಎಂಬ ಅಸಂಗತ ಹೇಳಿಕೆಯಾಗುತ್ತದೆ.

ಇದನ್ನು ಪತ್ರಕರ್ತರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಜೈನ ತತ್ತ್ವದಲ್ಲಿ ಪುದ್ಗಲದ ಅವಿಭಾಜ್ಯ ಘಟಕವೇ ಅಣು. ಅವುಗಳ ಕೂಟಕ್ಕೆ ಸ್ಕಂಧವೆಂಬ ಬೇರೆ ಹೆಸರಿದೆ. ವೈಶೇಷಿಕ ದರ್ಶನದಲ್ಲಿ ಎರಡು ಪರಮಾಣುಗಳು ಕೂಡಿ ದ್ವ್ಯಣುಕ, ಮೂರು ದ್ವ್ಯಣುಕಗಳು ಕೂಡಿ ತ್ರ್ಯಣುಕವಾಗುತ್ತದೆ; ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ ತ್ರ್ಯಣುಕಕ್ಕೆ ನಿದರ್ಶನ. ಅಣುವನ್ನು ಪರಮಾಣುವಿನ ಕೂಟವೆಂದು ನಿಗದಿಪಡಿಸಿದ್ದು ಆಧುನಿಕ ವಿಜ್ಞಾನದ ಪರಿಭಾಷೆ. ಪತ್ರಿಕೆಯ ಬಳಕೆಯಲ್ಲಿ ಹಳೆಯ ಅರ್ಥದ ಛಾಯೆ ಉಳಿದಿದೆ ಎನ್ನಬಹುದು.

ಪರಮಾಣು ಊಹೆಯ ವಸ್ತುವಾಗಿದ್ದಾಗ ಈ ಸಡಿಲತೆಯಿಂದ ಹೆಚ್ಚಿನ ಹಾನಿಯಿರಲಿಲ್ಲ. ಎರಡೂ ಒಂದೇ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತಿರುವಾಗ ಹಾಗಲ್ಲ. ಕನಕಪುರದಲ್ಲೋ ಚನ್ನಪಟ್ಟಣದಲ್ಲೋ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗೆ ತರಗತಿಯಲ್ಲಿ ಒಂದು ಅರ್ಥ, ಪತ್ರಿಕೆಯಲ್ಲಿ ಇನ್ನೊಂದು ಅರ್ಥ ದೊರೆತರೆ, ಗೊಂದಲಕ್ಕೆ ಕಾರಣ ವಿಜ್ಞಾನವಲ್ಲ, ಭಾಷೆಯ ಬಳಕೆ. ರಾಸಾಯನಿಕ ಕೂಟಕ್ಕೆ ‘ಅಣು’, ಮೂಲವಸ್ತುವಿನ ಘಟಕಕ್ಕೆ ‘ಪರಮಾಣು’, ಬೀಜಕೇಂದ್ರಕ್ಕೆ ಸಂಬಂಧಿಸಿದ್ದಕ್ಕೆ ‘ಬೈಜಿಕ’ ಎಂಬ ಮೂರು ಪದಗಳು ಕನ್ನಡದಲ್ಲಿ ಈಗಾಗಲೇ ಇವೆ. ಹೊಸ ಪದಗಳನ್ನು ಟಂಕಿಸಬೇಕಾಗಿಲ್ಲ. ಇರುವ ಪದಗಳನ್ನು ನಿಷ್ಠೆಯಿಂದ ಬಳಸುವ ಅಭ್ಯಾಸವನ್ನು ಕನ್ನಡ ತರಗತಿಗಳೂ ನಿಘಂಟುಕಾರರೂ ಸುದ್ದಿಮನೆಗಳೂ ಒಟ್ಟಾಗಿ ಬೆಳೆಸಬೇಕಾಗಿದೆ.