ಗರುಡನಿಗೆ ಕೈ, ಹದ್ದಿಗೆ ಕಲ್ಲು

ನಮ್ಮ ಕಡೆ ಗರುಡ ಕಂಡರೆ ಕೈ ಮುಗಿಯುತ್ತಾರೆ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರೂ ಒಮ್ಮೆ ಸೊಂಟ ನೆಟ್ಟಗೆ ಮಾಡಿ, ತಲೆಯೆತ್ತಿ ನೋಡಿ, ಕೆನ್ನೆ ಮುಟ್ಟಿಕೊಂಡು ಮತ್ತೆ ಬಾಗುತ್ತಾರೆ. ಅದೇ ಹದ್ದು ಸುತ್ತು ಹಾಕಿದರೆ ‘ಹುಶ್’ ಎಂದು ಕೂಗಿ ಕೋಳಿಮರಿಗಳ ಮೇಲೆ ಮಂಕರಿ ಕವುಚುತ್ತಾರೆ. ಹುಡುಗರು ಕಲ್ಲು ಬೀರುತ್ತಾರೆ. ಒಂದು ದೇವರ ವಾಹನ, ಇನ್ನೊಂದು ಕಳ್ಳ. ಆದರೆ ಬೆಸಗರಹಳ್ಳಿ ಸುತ್ತಮುತ್ತಲಿನ ಯಾವುದಾದರೂ ಕೆರೆ ಏರಿಯ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ಬೇರೆ ಹಕ್ಕಿ ಹಿಡಿದ ಮೀನನ್ನು ಕಿತ್ತುಕೊಳ್ಳುವ ಕಸುಬಿನಲ್ಲಿ ಇಬ್ಬರೂ ಸಮಾನರು.

ಬಿ.ಇ. ಮೂರನೇ ವರ್ಷದಲ್ಲಿರುವ ನಾನು ರಜೆಗೆ ಊರಿಗೆ ಬಂದಾಗಲೆಲ್ಲ ನೋಡುವುದು ನೀರುಕಾಗೆಯನ್ನು. ಅದು ಮುಳುಗಿ ಮೀನು ಹಿಡಿದು ಮೇಲೆ ಬರುತ್ತದೆ. ಆದರೆ ಹಿಡಿದ ತಕ್ಷಣ ನುಂಗುವಂತಿಲ್ಲ. ಮೀನಿನ ತಲೆ ಮುಂದಾಗುವಂತೆ ಕೊಕ್ಕಿನಲ್ಲೇ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆ ಕೆಲವೇ ಸೆಕೆಂಡುಗಳೇ ಕಳ್ಳತನದ ಮುಹೂರ್ತ. ಬೆರಳುದ್ದದ ಮೀನಾದರೆ ಗರುಡ ತಿರುಗಿಯೂ ನೋಡುವುದಿಲ್ಲ, ಅಷ್ಟರಲ್ಲಿ ಅದು ಹೊಟ್ಟೆ ಸೇರಿರುತ್ತದೆ. ಅಂಗೈಯಗಲದ ಜಿಲೇಬಿ ಮೀನಾದರೆ ಎಲ್ಲಿಂದಲೋ ನೆರಳು ಬಂದೇ ಬರುತ್ತದೆ. ನೀರುಕಾಗೆ ಒಂದೋ ಮೀನಿನ ಸಮೇತ ಮುಳುಗುತ್ತದೆ, ಇಲ್ಲವೇ ಮೀನು ಬಿಟ್ಟು ಮುಳುಗುತ್ತದೆ. ಬೆಳ್ಳಕ್ಕಿಗೆ ಆ ಭಾಗ್ಯವಿಲ್ಲ, ಅದು ಕರ್ರ್ ಎಂದು ಬೈಯುತ್ತ ಹಾರಬೇಕು. ಇಷ್ಟಾದರೂ ನಾನು ನೋಡಿದಂತೆ ಗರುಡ ಬರಿಗಾಲಲ್ಲಿ ವಾಪಸಾದದ್ದೇ ಹೆಚ್ಚು. ಹಾಸ್ಟೆಲ್ಲಿನಲ್ಲಿ ಅಸೈನ್‌ಮೆಂಟ್ ನಕಲು ಮಾಡುವವರಿಗೆ ಇಷ್ಟು ಕಷ್ಟವಿಲ್ಲ ಬಿಡಿ.

ವಿಜ್ಞಾನಿಗಳು ಇದನ್ನು ‘ಕ್ಲೆಪ್ಟೊಪ್ಯಾರಸಿಟಿಸಂ’ ಎನ್ನುತ್ತಾರೆ. ಕಳವಿನ ಪರಾವಲಂಬನೆ ಎನ್ನಬಹುದು. ಬ್ರಾಕ್‌ಮನ್ ಮತ್ತು ಬರ್ನಾರ್ಡ್ ಎಂಬ ಇಬ್ಬರು 1979ರಲ್ಲಿ ‘ಅನಿಮಲ್ ಬಿಹೇವಿಯರ್’ ಪತ್ರಿಕೆಯಲ್ಲಿ ಹಕ್ಕಿಗಳ ಈ ಕಳ್ಳತನದ ಬಗ್ಗೆ ದೀರ್ಘ ಲೇಖನ ಬರೆದರು. ಬೇಟೆಯಾಡುವ ಹಕ್ಕಿಗಳು ಒಂದೆಡೆ ಗುಂಪುಗೂಡಿರಬೇಕು, ತುತ್ತು ದೊಡ್ಡದಿರಬೇಕು, ಹೊರಗೆ ಕಾಣುವಂತಿರಬೇಕು, ಆಹಾರದ ಅಭಾವವಿದ್ದರೆ ಇನ್ನೂ ಸರಿ. ಅವರು ಗುರುತಿಸಿದ ಇಂಥ ಅನುಕೂಲಗಳನ್ನು ಓದುವಾಗ ನನಗೆ ಕಂಡದ್ದು ಏಪ್ರಿಲ್ ತಿಂಗಳ ನಮ್ಮ ಕೆರೆಗಳೇ. ನೀರು ನಡುವಿಗೆ ಸರಿದು, ಮೀನೆಲ್ಲ ಒಂದು ಮಡುವಿನಲ್ಲಿ ಸೇರಿ, ಸುತ್ತ ಬೆಳ್ಳಕ್ಕಿ ಸಾಲು ನಿಂತಿರುತ್ತದೆ. ಸಾಲದ್ದಕ್ಕೆ ಏರಿಯ ಮೇಲೆ ಸುರಿದ ಕೋಳಿ ಅಂಗಡಿಯ ತ್ಯಾಜ್ಯ. ಅದಕ್ಕೆಂದು ಬಂದ ಹದ್ದುಗಳು ಮಡುವಿನ ಮೇಲೂ ಒಂದು ಕಣ್ಣಿಟ್ಟಿರುತ್ತವೆ.

ನಮ್ಮ ತಾಲ್ಲೂಕಿನದೇ ಆದ ಕೊಕ್ಕರೆಬೆಳ್ಳೂರಿಗೆ ಹೋದವರು ಇನ್ನೊಂದು ಸಂಗತಿ ಗಮನಿಸಬಹುದು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಆ ಊರಿನ ಮರಗಳಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ ಎರಡೂ ಗೂಡು ಕಟ್ಟುತ್ತವೆ. ಕೊಕ್ಕರೆ ನುಂಗಿ ತಂದ ಮೀನನ್ನು ಗೂಡಿನ ತಳಕ್ಕೆ ಕಕ್ಕುತ್ತದೆ, ಮರಿಗಳು ಹೆಕ್ಕಿ ತಿನ್ನುತ್ತವೆ. ಹೆಜ್ಜಾರ್ಲೆಯ ಮರಿ ಮಾತ್ರ ತಾಯಿಯ ಗಂಟಲ ಚೀಲದೊಳಕ್ಕೇ ತಲೆ ತೂರಿಸುತ್ತದೆ. ಹೊರಗೆ ಮೀನು ಕಾಣುವುದೇ ಇಲ್ಲ. ಕಳ್ಳನಿಗಾಗಿಯೇ ಹೀಗಾಯಿತೆಂದು ನಾನು ಹೇಳಲಾರೆ, ಆದರೆ ಕೈಬದಲಿಲ್ಲದ ಇಂಥ ಡೆಲಿವರಿ ಯಾವ ಕಂಪನಿಗೂ ಸಾಧ್ಯವಾಗಿಲ್ಲ.

ಚಳಿಗಾಲದಲ್ಲಿ ಕಾವೇರಿ ಬಯಲಿಗೆ ವಲಸೆ ಬರುವ ಮೀನುಡೇಗೆಯ ಪಾಡು ಇನ್ನೂ ವಿಚಿತ್ರ. ಅದರ ತೂಕ ಸುಮಾರು ಒಂದೂವರೆ ಕಿಲೋ, ಗರುಡನದು ಅರ್ಧ ಕಿಲೋ ಆಸುಪಾಸು. ಆದರೂ ಗರುಡ ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮೀನು ಹೊತ್ತ ಡೇಗೆಯ ಎರಡೂ ಕಾಲು ಕೆಲಸದಲ್ಲಿರುತ್ತವೆ, ಅದರ ಆಯುಧವೂ ಆ ಕಾಲೇ. ಹೊರೆ ಇರುವುದರಿಂದ ಥಟ್ಟನೆ ತಿರುಗಲಾಗದು. ಮೀನಿನ ತಲೆಯನ್ನು ಗಾಳಿಗೆ ಎದುರಾಗಿ ಹಿಡಿದು ಡ್ರ್ಯಾಗ್ ತಗ್ಗಿಸಿಕೊಳ್ಳುವುದು ಅದಕ್ಕೆ ಗೊತ್ತು. ನಮಗೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಂದು ಸೆಮಿಸ್ಟರ್ ಹಿಡಿದ ಪಾಠ. ಆದರೂ ಖಾಲಿ ಕಾಲಿನ ಪುಟ್ಟ ಗರುಡನೇ ಚುರುಕು. ಮೀನು ಬಿಟ್ಟರೆ ಡೇಗೆಗೆ ಹೋಗುವುದು ಒಂದು ಊಟ, ಬಿಡದಿದ್ದರೆ ರೆಕ್ಕೆಗೇ ಗಾಯವಾಗಬಹುದು. ಅದು ಲೆಕ್ಕ ಹಾಕಿಯೇ ಬಿಡುತ್ತದೆ.

ಅಮೆರಿಕದ ಲಾಂಛನದಲ್ಲಿರುವ ಬಾಲ್ಡ್ ಈಗಲ್ ಕೂಡ ಮೀನುಡೇಗೆಯನ್ನು ದೋಚುವುದೇ. ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಮಗಳಿಗೆ ಬರೆದ ಪತ್ರದಲ್ಲಿ ಈ ಕಾರಣಕ್ಕೇ ಅದನ್ನು ನಡತೆಗೆಟ್ಟ ಹಕ್ಕಿ ಎಂದು ಜರೆದಿದ್ದ. ಯಾರೂ ಕಿವಿಗೊಟ್ಟಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಅದು ಕಾನೂನಿನ ಪ್ರಕಾರವೇ ಆ ದೇಶದ ರಾಷ್ಟ್ರಪಕ್ಷಿಯಾಯಿತು. ನಮ್ಮಲ್ಲಿ ಅಂಥ ಪತ್ರ ಬರೆದವರಿಲ್ಲ. ಪುರಾಣದ ಗರುಡ ತಾಯಿಯನ್ನು ದಾಸ್ಯದಿಂದ ಬಿಡಿಸಲು ದೇವಲೋಕದ ಅಮೃತವನ್ನೇ ಹೊತ್ತು ತಂದವನು. ಮೇಲುಕೋಟೆಯ ವೈರಮುಡಿಯ ಕಥೆಯಲ್ಲಿ ವಿರೋಚನ ಕದ್ದೊಯ್ದ ಕಿರೀಟವನ್ನು ಹೋರಾಡಿ ಕಿತ್ತು ತಂದವನೂ ಅವನೇ. ಕಿತ್ತುಕೊಳ್ಳುವ ವಿದ್ಯೆಯನ್ನು ನಮ್ಮ ಜಿಲ್ಲೆ ವರ್ಷಕ್ಕೊಮ್ಮೆ ಉತ್ಸವ ಮಾಡಿ ನೆನೆಯುತ್ತದೆ. ಆ ಗೌರವದಲ್ಲಿ ಹದ್ದಿಗೆ ಪಾಲಿಲ್ಲ, ಅಷ್ಟೆ. ಕಂದು ಮೈಗೆ ಕಲ್ಲು, ಬಿಳಿ ಎದೆಗೆ ನಮಸ್ಕಾರ.

ಈ ಬಣ್ಣದ ನ್ಯಾಯದಲ್ಲೊಂದು ಎಡವಟ್ಟಿದೆ. ಗರುಡ ಹುಟ್ಟುತ್ತಲೇ ಬಿಳಿ ತಲೆ, ಇಟ್ಟಿಗೆಗೆಂಪು ಮೈ ಹೊತ್ತು ಬರುವುದಿಲ್ಲ. ಮರಿ ಗರುಡ ಥೇಟ್ ಹದ್ದಿನಂತೆ ಕಂದು. ಪೂರ್ತಿ ಬಣ್ಣ ಬರಲು ವರ್ಷಗಳೇ ಬೇಕು. ಹೋದ ಬೇಸಿಗೆಯಲ್ಲಿ ಏರಿಯ ಮೇಲೆ ಹುಡುಗರು ‘ಹದ್ದು, ಹದ್ದು’ ಎಂದು ಕಲ್ಲು ಬೀರುತ್ತಿದ್ದುದು ಅಂಥದೊಂದಕ್ಕೇ. ಬಾಲ ನೋಡಿ ಎಂದೆ. ಕವಲಾಗಿದ್ದರೆ ಹದ್ದು, ಬೀಸಣಿಗೆಯಂತೆ ದುಂಡಗಿದ್ದರೆ ಗರುಡ. ಒಬ್ಬ ಹುಡುಗ ಕೈಯಲ್ಲಿದ್ದ ಕಲ್ಲು ಕೆಳಗೆ ಹಾಕಿ ಕೆನ್ನೆ ಮುಟ್ಟಿಕೊಂಡ. ಇನ್ನೊಬ್ಬ, ‘ಹಾಗಾದ್ರೆ ಹದ್ದು ಬಂದಾಗ ಹೊಡೀಬಹುದಾ ಅಣ್ಣ?’ ಎಂದ.