ಬುದ್ಧಿ ಹೇಳದವರ ಕಸುಬು

ಒಂದು ಕ್ವಾರ್ಟರ್ ವಿಸ್ಕಿ ಎಂದರೆ ಎಷ್ಟು? ಕುಡಿಯುವವರನ್ನು ಕೇಳಿದರೆ 180 ಮಿಲಿಲೀಟರ್ ಎನ್ನುತ್ತಾರೆ. ಅವರ ಮನೆಯವರನ್ನು ಕೇಳಿದರೆ ಮಗುವಿನ ಸ್ಕೂಲ್ ಶೂ ಎನ್ನುತ್ತಾರೆ. ವ್ಯಸನ ಚಿಕಿತ್ಸೆಯ ಆಪ್ತಸಮಾಲೋಚಕರಾಗಲು ಹೊರಟವರು ಇನ್ನೊಂದು ಲೆಕ್ಕವನ್ನೂ ಕಲಿಯಬೇಕು: ಸುಮಾರು ಆರು ಯೂನಿಟ್. ಒಂದು ಯೂನಿಟ್ ಎಂದರೆ 10 ಗ್ರಾಂ ಶುದ್ಧ ಆಲ್ಕೊಹಾಲ್, 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಇರುವಷ್ಟು. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿಲಿಲೀಟರ್ ಬಾಟಲಿ ತೆಗೆದುಕೊಂಡರೆ ಅದರಲ್ಲಿ ನಾಲ್ಕು ಯೂನಿಟ್. "ನಾನು ಬರೀ ಬಿಯರ್ ಸಾರ್, ಎಣ್ಣೆ ಮುಟ್ಟಲ್ಲ" ಎನ್ನುವವರ ಮುಂದೆ ಈ ಲೆಕ್ಕ ಬೇಕೇ ಬೇಕು. ಲೆಕ್ಕ ಕಲಿಯಲು ಅರ್ಧ ಗಂಟೆ ಸಾಕು. ಅದನ್ನು ಯಾವಾಗ ಹೇಳಬೇಕು, ಯಾವಾಗ ಸುಮ್ಮನೆ ಕೂರಬೇಕು ಎನ್ನುವುದಕ್ಕೆ ವರ್ಷಗಳು ಹಿಡಿಯುತ್ತವೆ.

ನಮ್ಮ ರಾಜರಾಜೇಶ್ವರಿನಗರದಲ್ಲಿ ಸಿಇಟಿ, ನೀಟ್ ಕೋಚಿಂಗ್ ಬೋರ್ಡುಗಳಿಗೆ ಬರವಿಲ್ಲ. ಮಗಳು ಸೈಕಾಲಜಿ ಓದುತ್ತೇನೆ ಎಂದರೆ "ಆಮೇಲೇನು?" ಎಂಬ ಪ್ರಶ್ನೆ ಬರುತ್ತದೆ. ಕುಡಿತ ಬಿಡಿಸುವ ಕೆಲಸ ಎಂದುಬಿಟ್ಟರಂತೂ ಮನೆಯಲ್ಲಿ ಮೌನ. ಆದರೆ ಈ ಓದಿನ ಮೊದಲ ಮೆಟ್ಟಿಲು ಇರುವುದು ಮೈಸೂರು ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿ. ನಮ್ಮ ಬಡಾವಣೆಯ ಆರ್ಚ್ ಬಳಿಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಮುಂದಕ್ಕೆ ಹೋದರೆ ಜ್ಞಾನಭಾರತಿ. ಬೆಂಗಳೂರು ವಿಶ್ವವಿದ್ಯಾಲಯದ ಆ ಆವರಣದಲ್ಲಿ ಮನಃಶಾಸ್ತ್ರ ವಿಭಾಗವೂ ಇದೆ, ಸಮಾಜಕಾರ್ಯ ವಿಭಾಗವೂ ಇದೆ. ಈ ಕಸುಬಿಗೆ ಬರುವವರು ಹೆಚ್ಚಾಗಿ ಈ ಎರಡು ಬಾಗಿಲುಗಳಿಂದಲೇ ಬರುತ್ತಾರೆ: ಮನಃಶಾಸ್ತ್ರದ ಎಂ.ಎ., ಎಂ.ಎಸ್ಸಿ. ಇಲ್ಲವೇ ಎಂ.ಎಸ್.ಡಬ್ಲ್ಯು.

ಎರಡನೆಯ ಮೆಟ್ಟಿಲು ಹೊಸೂರು ರಸ್ತೆಯ ನಿಮ್ಹಾನ್ಸ್. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಶುರುವಾದ ಇದು ಮರುವರ್ಷವೇ ಮನಃಶಾಸ್ತ್ರಜ್ಞರಿಗೆ ವೈದ್ಯಕೀಯ ಪರಿಸರದಲ್ಲಿ ತರಬೇತಿ ಕೊಡುವ ಡಿಪ್ಲೊಮಾ ಆರಂಭಿಸಿತು. 1974ರಲ್ಲಿ ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ವ್ಯಸನಕ್ಕೆಂದೇ ಇಲ್ಲಿ ಪ್ರತ್ಯೇಕ ಕೇಂದ್ರವಿದೆ. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ನಲ್ಲಿ ಎರಡು ವರ್ಷದ ಎಂ.ಫಿಲ್. ದೇಶದಲ್ಲೇ ಹೆಸರಾದದ್ದು. ಅದು ಪುಸ್ತಕದ ಎಂ.ಫಿಲ್. ಅಲ್ಲ, ವಾರ್ಡಿನ ಎಂ.ಫಿಲ್. ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಬಂದವರ ಕಥೆ ಬರೆದುಕೊಳ್ಳಬೇಕು, ಹಿರಿಯರ ಮುಂದೆ ಅದನ್ನು ಓದಬೇಕು, "ಇದನ್ನು ಕೇಳಲಿಲ್ಲವೇಕೆ?" ಎಂದರೆ ಮತ್ತೆ ಹೋಗಿ ಕೇಳಬೇಕು.

ಈ ದಾರಿ ಈಗ ತಿರುವಿನಲ್ಲಿದೆ, ಸೇರಲು ಹೊರಟವರು ಗಮನಿಸಬೇಕು. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಈ ಎರಡು ವಿಷಯಗಳಿಗೆ ಮಾತ್ರ 2025–26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕಲಿಸುವುದನ್ನು 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿಲ್ಲಿಸುವಂತೆ ಹೇಳಿತು. ಮನೆಯಲ್ಲಿದ್ದುಕೊಂಡೇ ಅಂಚೆಯಲ್ಲಿ ಎಂ.ಎ. ಮುಗಿಸುತ್ತೇನೆಂದುಕೊಂಡಿದ್ದ ಗೃಹಿಣಿಯರಿಗೆ, ನಿವೃತ್ತರಿಗೆ ಇದು ಬೇಸರದ ಸುದ್ದಿ. ನನಗೇನೋ ಇದು ಸರಿ ಎನಿಸುತ್ತದೆ. ಈಜು ಕಲಿಸುವವರು ಅಂಚೆಯಲ್ಲಿ ಕಲಿಸುವುದಿಲ್ಲವಲ್ಲ.

ಹಾಗಿದ್ದರೆ ಆಪ್ತಸಮಾಲೋಚಕ ಎಂದು ಬೋರ್ಡು ಹಾಕಲು ಯಾರ ಅನುಮತಿ ಬೇಕು? ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಉಳಿದ ಸಮಾಲೋಚಕರ ವಿಷಯ ಬಹುಕಾಲ ಹೇಳುವವರು ಕೇಳುವವರು ಇಲ್ಲದೆ ನಡೆಯಿತು. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆ ಇಂಥ ವೃತ್ತಿಗಳನ್ನು ಪಟ್ಟಿಗೆ ತಂದಿದೆ. ಅದು ನೆಲಕ್ಕಿಳಿಯುವವರೆಗೆ ವಾರಾಂತ್ಯದ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ಕುಳಿತವರೂ ಇರುತ್ತಾರೆ, ಹುಷಾರಾಗಿರಿ.

ಇನ್ನು ಕಸುಬಿನ ಒಳಗಿನ ಮಾತು. ಕುಡಿಯುವ ಮಾವನಿಗೆ ಬುದ್ಧಿ ಹೇಳದ ನೆಂಟರು ಯಾವ ಮನೆಯಲ್ಲಿದ್ದಾರೆ? ಅಜ್ಜಿ ಆಣೆ ಹಾಕಿಸಿರುತ್ತಾರೆ, ಅಣ್ಣ ಕೆನ್ನೆಗೆ ಬಾರಿಸಿರುತ್ತಾನೆ, ಡಾಕ್ಟರು ಲಿವರ್ ಚಿತ್ರ ತೋರಿಸಿ ಹೆದರಿಸಿರುತ್ತಾರೆ. ಬುದ್ಧಿಮಾತಿನಿಂದ ಬಿಡುವುದಾಗಿದ್ದರೆ ಯಾವತ್ತೋ ಬಿಟ್ಟಿರುತ್ತಿದ್ದರು. ಹಾಗಾಗಿ ಈ ತರಬೇತಿಯ ಬಹುಪಾಲು ಹೊಸದನ್ನು ಕಲಿಯುವುದಲ್ಲ, ಬುದ್ಧಿ ಹೇಳುವ ಹಳೆಯ ಅಭ್ಯಾಸವನ್ನು ಬಿಡುವುದು. ಅದೂ ಒಂದು ಚಟವೇ; ಬಿಡುವುದು ಕಷ್ಟ.

ಇದಕ್ಕೊಂದು ಚರಿತ್ರೆಯಿದೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ಮನಃಶಾಸ್ತ್ರಜ್ಞ ನಾರ್ವೆಯ ಒಂದು ಚಿಕಿತ್ಸಾಲಯದಲ್ಲಿ ಕಿರಿಯರಿಗೆ ತರಬೇತಿ ಕೊಡುತ್ತಿದ್ದಾಗ, ನಟನೆಯ ರೋಗಿಯೊಂದಿಗೆ ತಾನು ಮಾತಾಡುವ ಬಗೆಯನ್ನು ತೋರಿಸುತ್ತಿದ್ದರಂತೆ. ಕಿರಿಯರು ನಡುನಡುವೆ ತಡೆದು "ಈಗ ಇದನ್ನೇ ಯಾಕೆ ಕೇಳಿದಿರಿ?" ಎಂದು ಪೀಡಿಸಿದರು. ಉತ್ತರ ಹುಡುಕುತ್ತಾ ಹೋದಂತೆ ತನ್ನ ಅಭ್ಯಾಸದೊಳಗೆ ಅಡಗಿದ್ದ ವಿಧಾನ ಅವರಿಗೇ ಕಂಡಿತು. 1983ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಬದಲಾಗಲು ಕಾರಣಗಳನ್ನು ಸಮಾಲೋಚಕ ಪಟ್ಟಿ ಮಾಡಬಾರದು, ಎದುರಿಗೆ ಕೂತವರ ಬಾಯಿಂದಲೇ ಅವು ಬರಬೇಕು ಎನ್ನುವುದು ಅದರ ಜೀವಾಳ. ಇವತ್ತು ಜಗತ್ತಿನ ಹಲವೆಡೆ ವ್ಯಸನ ಸಮಾಲೋಚನೆಯ ಪಾಠದಲ್ಲಿ ಇದಿರುತ್ತದೆ, ನಟನೆಯ ರೋಗಿಯ ಸಮೇತ.

ಅಂಥ ತರಗತಿಯ ಮಾತುಕತೆ ಹೀಗೆ ಸಾಗೀತು. ರೋಗಿಯ ಪಾತ್ರದವರು, "ಹೆಂಡ್ತಿ ಕರ್ಕೊಂಡು ಬಂದಿದ್ದಾಳೆ ಮೇಡಂ. ನನಗೇನೂ ಪ್ರಾಬ್ಲಂ ಇಲ್ಲ" ಎನ್ನುತ್ತಾರೆ. ಹೊಸಬರ ನಾಲಿಗೆ ತುದಿಗೆ ಬರುವುದು, "ಹಾಗಂದ್ರೆ ಹೇಗೆ? ಮಕ್ಕಳ ಮುಖ ನೋಡಿ." ಪಳಗಿದವರು ಅದನ್ನು ನುಂಗಿಕೊಂಡು, "ನಿಮ್ಮ ಪ್ರಕಾರ ಏನೂ ಇಲ್ಲ. ಆದ್ರೂ ಕೆಲಸ ಬಿಟ್ಟು ಅವರ ಜೊತೆ ಬಂದ್ರಿ" ಎಂದು ಸುಮ್ಮನಾಗುತ್ತಾರೆ. ಒಂದು ನಿಮಿಷ ಮೌನ. ಆಮೇಲೆ, "ಎರಡು ದಿನದಿಂದ ಊಟ ಬಿಟ್ಟಿದ್ಲು ಮೇಡಂ." ಬಾಗಿಲು ತೆರೆದದ್ದು ಅಲ್ಲಿ. ಆ ಒಂದು ನಿಮಿಷ ಬಾಯಿ ಬಿಡದಿರುವುದಕ್ಕೇ ಎರಡು ವರ್ಷದ ಓದು ಎಂದರೂ ತಪ್ಪಲ್ಲ.

ಇಪ್ಪತ್ತನಾಲ್ಕರ ಹುಡುಗಿಗೆ ಐವತ್ತರ ಆಟೊ ಚಾಲಕರು "ನಿಮಗೇನಮ್ಮ ಗೊತ್ತು? ಯಾವತ್ತಾದ್ರೂ ಕುಡಿದಿದ್ದೀರಾ?" ಎಂದು ಕೇಳುವುದೂ ಉಂಟು. ಅದಕ್ಕೂ ಸಿದ್ಧರಿರಬೇಕು. "ಇಲ್ಲ. ಅದಕ್ಕೇ ನಿಮ್ಮಿಂದ ತಿಳ್ಕೋಬೇಕು" ಎಂದರೆ ಮಾತು ಮುಂದುವರಿಯುತ್ತದೆ, ಮುಖ ಸಣ್ಣ ಮಾಡಿಕೊಂಡರೆ ಮುಗಿಯಿತು.

ಮಾತಿನಷ್ಟೇ ಮೈಯ ತಿಳಿವಳಿಕೆಯೂ ಬೇಕು. ದಿನವೂ ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಬಹುದು, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು–ಮೂರು ದಿನದ ಹೊತ್ತಿಗೆ ಇಲ್ಲದ್ದು ಕಂಡು ಬಡಬಡಿಸುವ ಸನ್ನಿ ಹಿಡಿಯಬಹುದು. ಇದು ಪ್ರಾಣಕ್ಕೇ ಕುತ್ತು. "ದೇವರ ಮೇಲೆ ಆಣೆ ಇಟ್ಟು ಇವತ್ತೇ ಬಿಡಿ" ಎನ್ನುವ ಉತ್ಸಾಹಿಗೂ, "ಮೊದಲು ಡಾಕ್ಟರನ್ನು ನೋಡೋಣ" ಎನ್ನುವ ತರಬೇತಿ ಪಡೆದವರಿಗೂ ಇರುವ ಅಂತರ ಇಲ್ಲಿ ಜೀವದ ಅಂತರ.

ಕಾನೂನೂ ಪಾಠದ ಭಾಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ರೋಗಿ ಹೇಳಿದ್ದು ಗುಟ್ಟಾಗಿ ಉಳಿಯಬೇಕು. ಈ ಎರಡನೆಯದು ನಮ್ಮ ಕೂಡುಕುಟುಂಬಗಳಲ್ಲಿ ಪಾಲಿಸಲು ಬಲು ಕಷ್ಟ. ಹೊರಗೆ ಬೆಂಚಿನ ಮೇಲೆ ಅಮ್ಮ, ಅತ್ತಿಗೆ, ಭಾವ ಎಲ್ಲರೂ ಕಾಯುತ್ತಿರುತ್ತಾರೆ. "ಏನಂದ?" ಎಂಬ ಪ್ರಶ್ನೆಗೆ ನಯವಾಗಿ ಏನನ್ನೂ ಹೇಳದಿರುವುದು ಸಹ ಒಂದು ವಿದ್ಯೆ.

ಪಠ್ಯ ಇಂಗ್ಲಿಷಿನಲ್ಲಿ, ಕೆಲಸ ಕನ್ನಡದಲ್ಲಿ. ನೈಂಟಿ, ಪ್ಯಾಕೆಟ್, ಸಲ್ಯೂಷನ್, ಮಾಲು ಎಂಬ ಬೀದಿಯ ಮಾತುಗಳು ಯಾವ ಪಠ್ಯದಲ್ಲೂ ಇರುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವುದರಲ್ಲಿ ಅನುಕೂಲವೂ ಇದೆ. ನಾವು 'ಸಮಾಲೋಚಕ' ಎಂದಷ್ಟೇ ಬಿಡದೆ ಮುಂದೆ 'ಆಪ್ತ' ಎಂದು ಸೇರಿಸಿಕೊಂಡೆವು. 'ವ್ಯಸನ' ಎಂಬ ಮಾತಿಗಂತೂ ಚಟ ಎಂಬ ಅರ್ಥವೂ ಇದೆ, ದುಃಖ ಎಂಬ ಅರ್ಥವೂ ಇದೆ. 'ಕುಡುಕ' ಎಂದು ಕರೆಯುವ ಬಾಯಿಗೂ 'ವ್ಯಸನದಲ್ಲಿರುವವರು' ಎನ್ನುವ ಬಾಯಿಗೂ ಮುಂದೆ ಸಿಗುವ ಉತ್ತರ ಬೇರೆಬೇರೆ.

ಪದವಿಯಿಲ್ಲದೆ ಈ ಕೆಲಸಕ್ಕೆ ಬಂದವರ ಪರಂಪರೆಯನ್ನೂ ಮರೆಯಬಾರದು. ತಾವೇ ಕುಡಿದು ಬಿಟ್ಟವರು ಇನ್ನೊಬ್ಬರ ಕೈಹಿಡಿಯುವುದು 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ತಳಹದಿ. ಬೆಂಗಳೂರಿನಲ್ಲೂ ಅದರ ಸಭೆಗಳಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ಊರುಗಳಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಾರೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಈ ಕ್ಷೇತ್ರದವರಿಗೆ ತರಬೇತಿ ಕೊಡುವ ಹಳೆಯ ಸಂಸ್ಥೆ. ಅನುಭವ ದೊಡ್ಡದೋ ಪದವಿ ದೊಡ್ಡದೋ ಎಂಬ ಜಗಳ ಈ ವಲಯದಲ್ಲಿ ಹಳೆಯದು. ನನ್ನ ಮಟ್ಟಿಗೆ, "ನಾನು ಬಿಟ್ಟ ಹಾಗೆ ನೀನೂ ಬಿಡು" ಎನ್ನುವ ಅನುಭವಸ್ಥರಿಗೂ ತರಬೇತಿ ಬೇಕು, ವಾರ್ಡಿಗೆ ಕಾಲಿಡದ ಚಿನ್ನದ ಪದಕದವರಿಗೂ ಬೇಕು.

ಅಗತ್ಯ ಎಷ್ಟಿದೆ? ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದಿತು ಆ ವರದಿ. ಅದರ ಮೇಲೆ ಮೊಬೈಲ್, ಗೇಮಿಂಗ್. ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಕ್ಲಿನಿಕ್ ತೆರೆಯಿತು. ಕೆಲಸ ಬೇಕಾದಷ್ಟಿದೆ, ಸಂಬಳ ಮಾತ್ರ ಓದಿಗೆ ತಕ್ಕಷ್ಟಿಲ್ಲ. ಎಂಜಿನಿಯರಿಂಗ್ ಓದಿದ ನೆರೆಮನೆಯ ಹುಡುಗನ ಜೊತೆ ಹೋಲಿಸಿಕೊಳ್ಳುವವರು ಈ ಕಡೆ ಬರದಿರುವುದೇ ಲೇಸು. ಬಿಟ್ಟವರು ಮತ್ತೆ ಶುರುಮಾಡಿಕೊಂಡು ಬಂದಾಗ ಮನಸ್ಸು ಕುಗ್ಗುತ್ತದೆ. ಮರುಕಳಿಕೆಯನ್ನು ಸೋಲೆಂದು ಬರೆದುಕೊಳ್ಳದೆ, ಎಲ್ಲಿ ಕಾಲು ಜಾರಿತು ಎಂದು ಇಬ್ಬರೂ ಕೂತು ಹುಡುಕುವುದನ್ನೂ ಕಲಿಸುತ್ತಾರೆ.

ಓದಲು ಬರುವವರಿಗೆ ಒಂದು ಕಿವಿಮಾತು: ಅರ್ಜಿ ಹಾಕುವ ಮುನ್ನ ಆ ಕೋರ್ಸಿನಲ್ಲಿ ರೋಗಿಗಳ ಜೊತೆ ಎಷ್ಟು ಗಂಟೆ, ಮೇಲ್ವಿಚಾರಕರು ಯಾರು ಎಂದು ಕೇಳಿ. ಮನೆಯಲ್ಲೇ ತೊಂದರೆ ಇರುವವರಿಗೆ ಎರಡು ನಂಬರು: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಮಾದಕವಸ್ತು ವ್ಯಸನಕ್ಕೆ 14446. ತಂಬಾಕು ಬಿಡಬೇಕೆಂದರೆ 1800 11 2356. ಈ ತಂಬಾಕು ಸಹಾಯವಾಣಿಯ ದಕ್ಷಿಣ ಭಾರತದ ಕೇಂದ್ರ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲಿ ಮಾತಾಡಬಹುದು.