ಡಯಲ್ ಮೇಲಿನ ಮಾತಿಗೆ ಹೊಣೆ ಯಾರು?

ರೋಲೆಕ್ಸ್ ಸಬ್‌ಮರೀನರ್‌ನ ನಕಲು ಕೈಗೆ ಬಂದಾಗ ಪಳಗಿದ ಸಂಗ್ರಾಹಕನ ಕಣ್ಣು ಮೊದಲು ಹೋಗುವುದು ತಾರೀಖಿನ ಕಿಟಕಿಯತ್ತ. ಗಾಜಿನ ಮೇಲೆ ಕೂರಿಸಿದ ಪುಟ್ಟ ಮಸೂರ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸಬೇಕು. ಅಗ್ಗದ ನಕಲಿನಲ್ಲಿ ಅಂಕಿ ಅಷ್ಟು ಹಿಗ್ಗುವುದಿಲ್ಲ, ಕಿಟಕಿಯ ನಟ್ಟನಡುವೆ ಕೂರುವುದೂ ಇಲ್ಲ. ಮುಂದಿನದು ಡಯಲ್ ಸುತ್ತಲಿನ ಒಳ ಉಂಗುರ. ಅಲ್ಲಿ ಸಾಲಾಗಿ ಕೊರೆದ ಕಂಪನಿಯ ಹೆಸರು ನಿಮಿಷದ ಗೆರೆಗಳಿಗೆ ಹೊಂದಿಕೊಂಡಿದೆಯೇ ಎಂದು ನೋಡಬೇಕು. ಬಳಿಕ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು, 6 ಗಂಟೆಯ ಗುರುತಿನ ಬಳಿ ಲೇಸರ್‌ನಿಂದ ಮೂಡಿಸಿದ ಸೂಕ್ಷ್ಮ ಕಿರೀಟವನ್ನು ಹುಡುಕಬೇಕು. ಅದು ಸುಲಭಕ್ಕೆ ಕಂಡರೆ ಅನುಮಾನ ಪಡಬೇಕು. ಕೊನೆಗೆ ಹಿಂಬದಿಯ ಮುಚ್ಚಳ ತೆಗೆದು, ಸ್ಕ್ರೂಗಳ ತಲೆ, ಲೋಹದ ಅಂಚುಗಳ ನುಣುಪು, ಬ್ಯಾಲೆನ್ಸ್ ಚಕ್ರದ ಓಟ ಎಲ್ಲವನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಇದು ನಿಜವಾದ ವಿದ್ಯೆ. ಅಸಲಿಯನ್ನೂ ನಕಲನ್ನೂ ಪಕ್ಕಪಕ್ಕದಲ್ಲಿಟ್ಟು ಬಹುಕಾಲ ನೋಡದೆ ಕೈಗೂಡುವಂಥದ್ದಲ್ಲ. ನಮ್ಮ ಪೇಟೆಗಳಲ್ಲಿ ‘ಫಸ್ಟ್ ಕಾಪಿ’ ಎಂದು ಕರೆಯುವ ಗಡಿಯಾರಗಳನ್ನು, ನಕಲೆಂದು ತಿಳಿದೇ, ಹೀಗೆ ಅಳೆದು ತೂಗಿ ಸಂಗ್ರಹಿಸುವವರು ಹಲವು ದೇಶಗಳಲ್ಲಿದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಆ ಶ್ರದ್ಧೆ ಏನನ್ನು ಅಳೆಯುತ್ತಿದೆ ಎಂಬುದೇ ನನ್ನ ಪ್ರಶ್ನೆ.

ಸಬ್‌ಮರೀನರ್‌ನ ಡಯಲ್ ಮೇಲೆ ಬರೆದದ್ದನ್ನು ಒಮ್ಮೆ ನಿಧಾನವಾಗಿ ಓದಬೇಕು. ಗಡಿಯಾರದ ಹೆಸರಿನ ಕೆಳಗೆ 300 ಮೀಟರ್ ಎಂದಿದೆ. ಅಷ್ಟು ಆಳದ ನೀರಿನ ಒತ್ತಡವನ್ನು ತಡೆಯುತ್ತೇನೆ ಎಂಬ ಭರವಸೆ ಅದು. ಅದರ ಕೆಳಗಿನ ಸಾಲು, ಇದು ಅಧಿಕೃತವಾಗಿ ಪ್ರಮಾಣೀಕರಿಸಿದ ಕ್ರೊನೋಮೀಟರ್ ಎನ್ನುತ್ತದೆ. ಅಂದರೆ ಸ್ವಿಟ್ಜರ್ಲೆಂಡಿನ ಸ್ವತಂತ್ರ ಪರೀಕ್ಷಾ ಸಂಸ್ಥೆ ಸಿಒಎಸ್‌ಸಿ ಆ ಯಂತ್ರವನ್ನು 15 ದಿನ, 5 ಭಂಗಿಗಳಲ್ಲಿ, 3 ಉಷ್ಣಾಂಶಗಳಲ್ಲಿ ಇಟ್ಟು ನೋಡಿದೆ. ಸರಾಸರಿ ದಿನಕ್ಕೆ 4 ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಲಿಲ್ಲ, 6 ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಲಿಲ್ಲ. ಯಂತ್ರವನ್ನು ಕೇಸಿನೊಳಗೆ ಕೂರಿಸಿದ ಮೇಲೆ ಕಂಪನಿ ಮತ್ತೊಮ್ಮೆ ಪರೀಕ್ಷಿಸಿ, ಏರುಪೇರನ್ನು 2 ಸೆಕೆಂಡಿನೊಳಗೆ ತಂದಿದೆ. ತೀರ ಕೆಳಗೆ ‘ಸ್ವಿಸ್ ಮೇಡ್’. 2017ರಿಂದ ಜಾರಿಯಲ್ಲಿರುವ ನಿಯಮದಂತೆ, ತಯಾರಿಕೆಯ ವೆಚ್ಚದಲ್ಲಿ ಕನಿಷ್ಠ ಶೇ 60ರಷ್ಟು ಸ್ವಿಟ್ಜರ್ಲೆಂಡಿನಲ್ಲೇ ಆಗಿರಬೇಕು. ನಕಲಿನ ಡಯಲ್ ಮೇಲೂ ಇವೇ ಸಾಲುಗಳಿವೆ, ಇದೇ ಅಕ್ಷರ, ಇದೇ ಅಂತರದಲ್ಲಿ. ಆದರೆ ಆ ಯಂತ್ರ ಯಾವ ಸಂಸ್ಥೆಯ ಪರೀಕ್ಷೆಗೂ ಹೋಗಿಲ್ಲ, ಆ ದೇಶವನ್ನು ಕಂಡಿಲ್ಲ. ನಕಲಿನ ಪರೀಕ್ಷಕ ಈ ಅಕ್ಷರಗಳ ದಪ್ಪವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆಯುತ್ತಾನೆ. ಅವು ಹೇಳುವ ಮಾತು ನಿಜವೇ ಎಂಬ ಪ್ರಶ್ನೆಗೆ ಅವನ ಪರೀಕ್ಷೆಯಲ್ಲಿ ಜಾಗವೇ ಇಲ್ಲ. ಒಳ್ಳೆಯ ನಕಲು ಸರಿಯಾದ ಸಮಯ ತೋರಿಸಬಹುದು, ಒಪ್ಪೋಣ. ತೋರಿಸದ ದಿನ ಹೋಗಿ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಗಡಿಯಾರಕ್ಕೆ ಬೆಲೆ ಬರುವುದು ಅದರ ಮೇಲಿನ ಹೆಸರಿಗೆ ಯಾರಾದರೂ ಹೊಣೆ ಹೊತ್ತಿದ್ದಾರೆ ಎಂಬುದರಿಂದ. ರೂಪ ಎಷ್ಟೇ ಹೋಲಿದರೂ ಆ ಹೊಣೆ ನಕಲಿಗೆ ಬರುವುದಿಲ್ಲ.

ಹೋಲಿಕೆಯನ್ನೇ ಅಳೆಯುವ ಈ ವಿದ್ಯೆ ತನ್ನ ಬುಡವನ್ನು ತಾನೇ ಕಡಿಯುತ್ತಿದೆ ಎಂಬುದನ್ನೂ ಗಮನಿಸಬೇಕು. ಒಂದು ಕಾಲಕ್ಕೆ ಸೆಕೆಂಡಿನ ಮುಳ್ಳು ಟಿಕ್ ಟಿಕ್ ಎಂದು ಹಾರಿದರೆ ಸಾಕು, ಒಳಗೆ ಬ್ಯಾಟರಿ ಯಂತ್ರವಿದೆ, ಇದು ನಕಲು ಎಂದು ಗೊತ್ತಾಗುತ್ತಿತ್ತು. ಆಮೇಲೆ ಸ್ವಿಟ್ಜರ್ಲೆಂಡಿನ ಇಟಿಎ 2824 ಯಂತ್ರದ ಚೀನೀ ಪ್ರತಿಗಳು ಬಂದವು. ಅವೂ ಗಂಟೆಗೆ 28,800 ಬಡಿತದಲ್ಲಿ ಓಡುವುದರಿಂದ ಮುಳ್ಳಿನ ಚಲನೆಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಈಗ ರೋಲೆಕ್ಸ್‌ನದೇ 3135, 3235 ಯಂತ್ರಗಳನ್ನು ಭಾಗ ಭಾಗವಾಗಿ ಅನುಕರಿಸಿದ ‘ಸೂಪರ್ ಕ್ಲೋನ್’ಗಳಿವೆ, ಮುಚ್ಚಳ ತೆಗೆದರೂ ಸಾಮಾನ್ಯ ಕಣ್ಣಿಗೆ ತಿಳಿಯದು. ಈ ಸುಧಾರಣೆಯ ದಾರಿ ಸರಳ. ಪರೀಕ್ಷಕ ಹುಡುಕಿ ತೋರಿಸಿದ ಪ್ರತಿಯೊಂದು ದೋಷವೂ ಮುಂದಿನ ಆವೃತ್ತಿಗೆ ತಿದ್ದುಪಡಿಯ ಪಟ್ಟಿಯಾಗುತ್ತದೆ. ಕಳ್ಳ ಕಾರ್ಖಾನೆಗೆ ಬೇಕಾದ ಗುಣಮಟ್ಟ ತಪಾಸಣೆಯನ್ನು ಸಂಗ್ರಾಹಕರು ಸಂಬಳವಿಲ್ಲದೆ ಮಾಡಿಕೊಡುತ್ತಿದ್ದಾರೆ. ಒಳ ಉಂಗುರದ ಅಕ್ಷರಗಳು ಗೆರೆಗೆ ಸರಿಯಾಗಿ ಕೂರದ ಅಸಲಿ ರೋಲೆಕ್ಸ್‌ಗಳೂ ಇವೆ. ಅಂಥ ಕಡೆ ನಕಲು ಅಸಲಿಗಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಆಗ ಆ ಕಣ್ಣು ಕೊಡುವ ತೀರ್ಪಿಗೆ ಅರ್ಥ ಉಳಿಯುವುದಿಲ್ಲ.

ಕಣ್ಣನ್ನೇ ನಂಬಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಮೆಗಾ ಪ್ರಕರಣ ಸಾಕು. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಸ್ಪೀಡ್‌ಮಾಸ್ಟರ್ ಮಾದರಿಯೊಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮೀರಿದ ಬೆಲೆಗೆ ಹೋಯಿತು. ಕಾಲ ಕಳೆದು ಕಂದು ಬಣ್ಣಕ್ಕೆ ತಿರುಗಿದ ಅದರ ಡಯಲ್ ಸಂಗ್ರಾಹಕರನ್ನು ಮರುಳು ಮಾಡಿತ್ತು. ಕೊಂಡದ್ದು ಸ್ವತಃ ಒಮೆಗಾ, ತನ್ನ ಮ್ಯೂಸಿಯಂಗಾಗಿ. 2023ರಲ್ಲಿ ಕಂಪನಿಯೇ ಒಪ್ಪಿಕೊಂಡಂತೆ ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಜೋಡಿಸಿ ಮಾಡಿದ ವಸ್ತು. ಇದರಲ್ಲಿ ತನ್ನ ಮೂವರು ಮಾಜಿ ಉದ್ಯೋಗಿಗಳ ಕೈವಾಡವಿದೆ ಎಂದೂ ಅದು ಹೇಳಿತು. ತಯಾರಿಸಿದ ಕಂಪನಿ, ಹೆಸರಾಂತ ಹರಾಜು ಸಂಸ್ಥೆ, ಜಗತ್ತಿನ ಪರಿಣತರು ಎಲ್ಲರ ಎದುರಿಗೇ ಅದು ದಾಟಿಹೋಯಿತು. ವರ್ಷ ಕಳೆದಾದರೂ ಸತ್ಯ ಹೊರಬಂದದ್ದು ಕೇಳಲು ಒಂದು ಕಂಪನಿ, ಉತ್ತರ ಕೊಡಲೇಬೇಕಾದ ಒಂದು ಹೆಸರು ಇದ್ದುದರಿಂದ.

ಸ್ವಿಸ್ಸರೇ ಮೊದಲು ನಕಲು ಮಾಡಿದವರಲ್ಲವೇ ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. 18ನೆಯ ಶತಮಾನದಲ್ಲಿ ಲಂಡನ್ನಿನ ಗಡಿಯಾರಗಾರರ ಹೆಸರು ಹೊತ್ತ ಎಷ್ಟೋ ಗಡಿಯಾರಗಳು ಯುರೋಪಿನ ಬೇರೆಡೆ, ಅದರಲ್ಲೂ ಜಿನೀವಾ ಸುತ್ತಮುತ್ತ ತಯಾರಾದವು. ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ ಆ ಶತಮಾನದ ಕೊನೆಯಲ್ಲಿ ಡಯಲ್ ಮೇಲೆ ಗುಪ್ತ ಸಹಿ ಕೊರೆಯಲು ಶುರುಮಾಡಿದ್ದು ನಕಲುಗಾರರ ಕಾಟಕ್ಕೆ. ಅದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತಿತ್ತು. ಆದರೆ ಸ್ವಿಸ್ ಉದ್ಯಮ ದೊಡ್ಡದಾದದ್ದು ಪರರ ಹೆಸರಿನಿಂದಲ್ಲ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನಕ್ಕೆ ಹೋದ ಲಾಂಜಿನ್ಸ್ ಎಂಜಿನಿಯರ್ ಜಾಕ್ ಡೇವಿಡ್, ಅಮೆರಿಕನ್ನರ ಯಂತ್ರೋತ್ಪಾದನೆ ನಮ್ಮನ್ನು ಮೀರಿಸಿದೆ ಎಂದು ವರದಿ ಕೊಟ್ಟ. ಸ್ವಿಸ್ಸರು ಆ ವಿಧಾನ ಕಲಿತರು, ತಮ್ಮ ಹೆಸರಲ್ಲೇ ಮಾರಿದರು. 1886ರಲ್ಲಿ ಜಿನೀವಾ ತನ್ನ ಹೆಸರಿನ ದುರುಪಯೋಗ ತಡೆಯಲು ಕಾನೂನಿನಿಂದಲೇ ಮುದ್ರೆ ತಂದಿತು. ಮತ್ತೊಬ್ಬರ ಕೆಲಸ ಕಲಿಯುವುದು ಬೇರೆ, ಮತ್ತೊಬ್ಬರ ಹೆಸರು ಹಾಕಿಕೊಳ್ಳುವುದು ಬೇರೆ.

ಇನ್ನೊಂದು ಆಕ್ಷೇಪ ಬೆಲೆಯದು. ಉಕ್ಕಿನ ಗಡಿಯಾರಕ್ಕೆ ಹಲವು ಲಕ್ಷ ಕೇಳುವ, ದುಡ್ಡಿದ್ದರೂ ಸರದಿಯಲ್ಲಿ ಕಾಯಿಸುವ ಕಂಪನಿಗಳ ಬಗ್ಗೆ ಕನಿಕರ ಯಾಕೆ? ಕನಿಕರ ಬೇಡ. ಆ ಬೆಲೆ ಅತಿ ಎನ್ನುವುದು ಅದನ್ನು ಕೊಳ್ಳದಿರಲು ಒಳ್ಳೆಯ ಕಾರಣ. ಸುಳ್ಳು ಹೆಸರಿನ ಗಡಿಯಾರ ಕಟ್ಟಿಕೊಳ್ಳಲು ಕಾರಣವಲ್ಲ. ಗೊತ್ತಿದ್ದೇ ಕೊಂಡೆ, ಯಾರಿಗೂ ಮೋಸವಿಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ. ಗಡಿಯಾರ ಅದನ್ನು ಕೊಂಡವನಿಗಿಂತ ಹೆಚ್ಚು ಬಾಳುತ್ತದೆ. ಅವನ ತಿಳಿವಳಿಕೆ ಅದರ ಜೊತೆ ಹೋಗುವುದಿಲ್ಲ. ಮಗನಿಗೋ ಸೆಕೆಂಡ್ ಹ್ಯಾಂಡ್ ಅಂಗಡಿಗೋ ದಾಟಿದ ದಿನ ಅದು ಅಸಲಿಯ ವೇಷದಲ್ಲೇ ದಾಟುತ್ತದೆ. ನಮ್ಮ 1999ರ ಟ್ರೇಡ್‌ ಮಾರ್ಕ್ ಕಾಯ್ದೆಯ 103 ಮತ್ತು 104ನೇ ಕಲಂಗಳು ಸುಳ್ಳು ಗುರುತು ಹಾಕುವವರಿಗೂ ಮಾರುವವರಿಗೂ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಹೇಳುತ್ತವೆ. ಕೈಗೆ ಕಟ್ಟಿಕೊಂಡವನನ್ನು ಆ ಕಲಂಗಳು ಮುಟ್ಟುವುದಿಲ್ಲ. ಆದರೆ ಅವನು ಕೊಟ್ಟ ದುಡ್ಡಿನಿಂದಲೇ ಆ ದಂಧೆ ನಡೆಯುತ್ತದೆ.

ಚೀನಾದ ಕುಶಲಕರ್ಮಿಯ ಕೈಚಳಕವನ್ನು ಮೆಚ್ಚಬಾರದೇ ಎಂದರೆ, ಖಂಡಿತ ಮೆಚ್ಚಬೇಕು. ಅದಕ್ಕೆ ನಕಲು ಬೇಕಿಲ್ಲ. ತಿಯಾಂಜಿನ್‌ನ ಸೀಗಲ್ ಕಾರ್ಖಾನೆ 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಿಂದ ವೀನಸ್ 175 ಯಂತ್ರದ ಸಲಕರಣೆಗಳನ್ನು ಕೊಂಡು ತಂದು ಕ್ರೊನೋಗ್ರಾಫ್ ತಯಾರಿಸಿತು. ಅದೇ ವಂಶದ ಯಂತ್ರ ಈಗಲೂ ಸೀಗಲ್ ಹೆಸರಲ್ಲೇ ಮಾರಾಟವಾಗುತ್ತಿದೆ. ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ನಮ್ಮಲ್ಲೂ ಹಾಗೆಯೇ ಆಯಿತು. 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನದಿಂದ, ಒಪ್ಪಂದ ಮಾಡಿಕೊಂಡು. ಡಯಲ್ ಮೇಲೆ ಬಂದದ್ದು ಎಚ್‌ಎಂಟಿ ಎಂಬ ಹೆಸರು. ಕೀಲಿ ಕೊಟ್ಟು ಓಡಿಸುವ, 17 ಜ್ಯುವೆಲ್‌ಗಳ ‘ಜನತಾ’ ಮಾದರಿ ಮೂಲೆಯೂರಿನ ರಿಪೇರಿ ಅಂಗಡಿಯಲ್ಲೂ ಸರಿಯಾಗುತ್ತಿತ್ತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಒಪ್ಪಿದ ಮೇಲೆ ಹಳೆಯ ಜನತಾ, ಪೈಲಟ್, ಕೊಹಿನೂರ್‌ಗಳಿಗೆ ಸಂಗ್ರಾಹಕರ ಬೇಡಿಕೆ ಬಂತು. ಬೇಡಿಕೆಯ ಹಿಂದೆಯೇ ಸುಳ್ಳೂ ಬಂತು. ಸವೆದ ಯಂತ್ರಕ್ಕೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ, ಎಚ್‌ಎಂಟಿ ಎಂದೂ ಮಾಡದ ಬಣ್ಣಗಳಲ್ಲಿ ‘ಅಪರೂಪದ ಮಾದರಿ’ ಎಂದು ಮಾರುತ್ತಾರೆ. ವಿದೇಶಿ ಸಂಗ್ರಾಹಕರು ಇಂಥವಕ್ಕೆ ಮುಂಬೈ ಸ್ಪೆಷಲ್ ಎಂದೇ ಹೆಸರಿಟ್ಟಿದ್ದಾರೆ. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚಿನಲ್ಲಿ ಶಾಯಿ ಹರಡಿರುವುದು, ನಿಮಿಷದ ಗೆರೆಗಳು ಒಂದೇ ಅಂತರದಲ್ಲಿ ಇಲ್ಲದಿರುವುದು ಕಾಣುತ್ತದೆ.

ನಕಲುಗಳ ಮೇಲೆ ಪಳಗಿದ ಕಣ್ಣಿಗೆ ಮಾಡಲು ಯೋಗ್ಯವಾದ ಕೆಲಸ ಇಲ್ಲಿದೆ. ನಮ್ಮ ನೆಲದಲ್ಲಿ ತಯಾರಾದ ಗಡಿಯಾರಗಳಲ್ಲಿ ಯಾವುದು ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿದೆ, ಯಾವುದಕ್ಕೆ ಬಣ್ಣ ಬಳಿದಿದ್ದಾರೆ ಎಂದು ಗುರುತಿಸಿ ದಾಖಲಿಸುವವರು ಬೇಕಾಗಿದ್ದಾರೆ. ನಿಮ್ಮ ಮನೆಯ ಬೀರುವಿನಲ್ಲಿ ಅಜ್ಜನದೋ ಅಪ್ಪನದೋ ಎಚ್‌ಎಂಟಿ ಇದ್ದರೆ, ಅದರ ಡಯಲ್ ಎಷ್ಟೇ ಮಾಸಿದ್ದರೂ ಹೊಸದು ಹಾಕಿಸಬೇಡಿ. ಎಣ್ಣೆ ಹಾಕಿಸಿ, ಕೀಲಿ ಕೊಡಿ, ಯಾವಾಗ ಯಾರು ಕೊಂಡದ್ದು ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ.